ಮಲೆನಾಡಿನ ಮನೆಯನ್ನು ಹೋಂಸ್ಟೇ ಮಾಡುವ ಮುನ್ನ: ನೆಲದ ಕಾಗದ, ವಲಯ ನಿಯಮ, ಅನುಮತಿಯ ಕ್ರಮ

2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ಬಳಿಯ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಮಕ್ಕಳು ಬೆಂಗಳೂರು ಸೇರಿದ ಮೇಲೆ ಅರ್ಧ ಖಾಲಿ ಬಿದ್ದಿರುವ ದೊಡ್ಡ ಮನೆಗಳ ಜಗಲಿಯಲ್ಲಿ ಈಗ ಎಲ್ಲೆಲ್ಲೂ ಒಂದೇ ಮಾತು: ನಾಲ್ಕು ಕೋಣೆ ಸರಿಮಾಡಿ ಹೋಂಸ್ಟೇ ಮಾಡಿದರೆ ಹೇಗೆ? ಈ ಯೋಚನೆ ಬಂದವರಲ್ಲಿ ಹೆಚ್ಚಿನವರು ಮೊದಲು ಬಚ್ಚಲುಮನೆ ಕಟ್ಟಿಸುತ್ತಾರೆ, ಆಮೇಲೆ ಬೋರ್ಡು ಬರೆಸುತ್ತಾರೆ, ಆಮೇಲೆ ಬುಕಿಂಗ್ ತಾಣದಲ್ಲಿ ಫೋಟೊ ಹಾಕುತ್ತಾರೆ. ಜಾಗದ ಕಾಗದ ತೆಗೆದು ನೋಡುವುದು ಕೊನೆಗೆ, ಅದೂ ಯಾರಾದರೂ ದೂರು ಕೊಟ್ಟು ನೋಟಿಸು ಬಂದಾಗ. ಈ ಕ್ರಮವನ್ನು ತಿರುಗಿಸಿಕೊಂಡರೆ ಹಣವೂ ಉಳಿಯುತ್ತದೆ, ನಿದ್ದೆಯೂ ಉಳಿಯುತ್ತದೆ. ಹೇಗೆಂಬುದನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ವಾಸದ ಮನೆಯೊಂದು ಆತಿಥ್ಯದ ವ್ಯವಹಾರಕ್ಕೆ ಹೊರಳುವಾಗ ಕಾನೂನು ಕೇಳುವ ಮುಖ್ಯ ಪ್ರಶ್ನೆಗಳು ಎರಡು. ಮನೆ ನಿಂತಿರುವ ನೆಲವನ್ನು ಸರ್ಕಾರದ ದಾಖಲೆ ಏನೆಂದು ಕರೆಯುತ್ತದೆ ಎಂಬುದು ಒಂದು. ಆ ಮನೆಯಲ್ಲಿ ಮಾಲೀಕರು ನಿಜವಾಗಿ ವಾಸವಿದ್ದಾರೆಯೇ ಎಂಬುದು ಇನ್ನೊಂದು. ಪರವಾನಗಿ, ನೋಂದಣಿ, ತೆರಿಗೆ, ವಿದ್ಯುತ್ ದರ ಇತ್ಯಾದಿಗಳೆಲ್ಲ ಈ ಎರಡರ ಉತ್ತರವನ್ನು ಹಿಡಿದೇ ನಡೆಯುತ್ತವೆ.

ಹೋಂಸ್ಟೇ ಎಂದರೆ ಎಲ್ಲಿಯವರೆಗೆ

ಎರಡನೆಯ ಪ್ರಶ್ನೆ ಚಿಕ್ಕದು, ಆದ್ದರಿಂದ ಅದನ್ನು ಮೊದಲು ಮುಗಿಸುತ್ತೇನೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಮತ್ತು ಹೋಂಸ್ಟೇ ಯೋಜನೆಯಲ್ಲಿ ಅತಿಥಿಗಳಿಗೆ ಕೊಡುವ ಕೊಠಡಿಗಳು ಕನಿಷ್ಠ 1, ಗರಿಷ್ಠ 6. ಹಾಸಿಗೆಗಳು 12ನ್ನು ಮೀರುವಂತಿಲ್ಲ. ಮಾಲೀಕರು ಕುಟುಂಬಸಮೇತ ಅಲ್ಲೇ ವಾಸವಿರಬೇಕು. ರಾಜ್ಯದ ಪ್ರವಾಸೋದ್ಯಮ ಇಲಾಖೆಯ ನೋಂದಣಿಯೂ ಇದೇ ಕಲ್ಪನೆಯ ಮೇಲೆ ನಿಂತಿದೆ: ಮನೆಯವರು ಇರುವ ಮನೆ, ಬೆರಳೆಣಿಕೆಯ ಕೊಠಡಿ, ಮನೆಯ ಊಟ. ಮನೆಯವರು ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಇದ್ದು, ಊರಿನ ಮನೆಯನ್ನು ಒಬ್ಬ ಮ್ಯಾನೇಜರ್ ಮತ್ತು ಇಬ್ಬರು ಕೆಲಸದವರ ಕೈಗೆ ಕೊಟ್ಟರೆ ಅದಕ್ಕೆ ಹೋಂಸ್ಟೇ ಎಂಬ ಬೋರ್ಡು ಹಾಕಿದರೂ ಕಾನೂನಿನ ಕಣ್ಣಿಗೆ ಅದು ಲಾಡ್ಜ್ ಅಥವಾ ಗೆಸ್ಟ್ ಹೌಸ್. ಮನೆಯ ಹಿಂದಿನ ಹಕ್ಕಲಿನಲ್ಲಿ ಬಿಡಿಬಿಡಿ ಕಾಟೇಜುಗಳನ್ನು ಕಟ್ಟಿ ಈಜುಕೊಳ ತೋಡಿಸಿದರೆ ಅದು ರೆಸಾರ್ಟ್. ಹೋಂಸ್ಟೇ ಎಂಬ ಹೆಸರಿಗೆ ಸಿಗುವ ರಿಯಾಯಿತಿ ಈ ಎರಡಕ್ಕೂ ಸಿಗುವುದಿಲ್ಲ. ಅವಕ್ಕೆ ವಾಣಿಜ್ಯ ಉದ್ದೇಶದ ಭೂಪರಿವರ್ತನೆ (ಕೃಷಿ ಜಮೀನನ್ನು ಬೇರೆ ಬಳಕೆಗೆ ತಿರುಗಿಸುವ ಅನುಮತಿ), ವಾಣಿಜ್ಯ ಕಟ್ಟಡದ ನಕ್ಷೆ, ವಾಣಿಜ್ಯ ತೆರಿಗೆ ಎಲ್ಲವೂ ಬೇಕಾಗುತ್ತದೆ.

ಆದ್ದರಿಂದ ಮೊದಲು ಒಂದು ಹಾಳೆಯ ಮೇಲೆ ಪ್ರಾಮಾಣಿಕವಾಗಿ ಬರೆದುಕೊಳ್ಳಿ: ವರ್ಷದ ಹನ್ನೆರಡು ತಿಂಗಳೂ ಈ ಮನೆಯಲ್ಲಿ ಇರುವವರು ಯಾರು, ಅತಿಥಿಗಳಿಗೆ ಬಿಡುವ ಕೋಣೆಗಳು ಎಷ್ಟು, ಹೊಸದಾಗಿ ಕಟ್ಟುವುದು ಏನಾದರೂ ಇದೆಯೇ. ಮೂರು ವರ್ಷದ ನಂತರ ಹತ್ತು ಕೋಣೆ ಮಾಡುವ ಆಸೆ ಮನಸ್ಸಿನಲ್ಲಿದ್ದರೆ ಅದನ್ನೂ ಬರೆಯಿರಿ. ಚಿಕ್ಕದಾಗಿ ಅನುಮತಿ ಪಡೆದು ದೊಡ್ಡದಾಗಿ ಬೆಳೆಸಿದ ವ್ಯವಹಾರಗಳೇ ಮುಂದೆ ತೊಂದರೆಗೆ ಸಿಲುಕುವುದನ್ನು ನಾನು ಹೆಚ್ಚಾಗಿ ಕಂಡಿದ್ದೇನೆ.

ಮನೆ ಯಾವ ನೆಲದ ಮೇಲಿದೆ

ಬಯಲುಸೀಮೆಯ ಊರುಗಳಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡು ಗ್ರಾಮಠಾಣಾದೊಳಗೆ, ಅಂದರೆ ಊರಿನ ವಾಸಕ್ಕೆಂದು ಗುರುತಿಸಿದ ಜಾಗದೊಳಗೆ, ಇರುತ್ತವೆ. ಮಲೆನಾಡಿನಲ್ಲಿ ಹಾಗಲ್ಲ. ಹೊಸನಗರ, ತೀರ್ಥಹಳ್ಳಿ, ಸಾಗರ ತಾಲ್ಲೂಕುಗಳ ಹಳ್ಳಿ ಎಂದರೆ ಒಂದೊಂದು ಕಣಿವೆಗೆ ಎರಡು ಮೂರು ಒಂಟಿಮನೆ, ಮನೆಯ ಕೆಳಗೆ ತೋಟ, ಅದರ ಕೆಳಗೆ ಗದ್ದೆ, ಮೇಲೆ ಬೆಟ್ಟ. ಹೀಗಾಗಿ ಇಲ್ಲಿಯ ಬಹುಪಾಲು ಮನೆಗಳು ಗ್ರಾಮಠಾಣಾದ ಹೊರಗೆ, ಕೃಷಿ ಜಮೀನಿನ ಸರ್ವೆ ನಂಬರುಗಳಲ್ಲೇ ನಿಂತಿವೆ. ನೂರು ವರ್ಷದ ಮನೆಯಾದರೂ ಪಹಣಿಯಲ್ಲಿ (ಜಮೀನಿನ ಹಕ್ಕು, ಬೆಳೆಯ ದಾಖಲೆ) ಆ ಜಾಗ ಬಾಗಾಯ್ತು, ಅಂದರೆ ತೋಟ, ಎಂದೋ ಖರಾಬು ಎಂದೋ ಇರುವುದು ಸಾಮಾನ್ಯ. ಮನೆ ಹಳೆಯದು ಎಂಬ ಒಂದೇ ಕಾರಣಕ್ಕೆ ನೆಲದ ಬಳಕೆ ತಾನಾಗಿಯೇ ಬದಲಾಗಿರುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಪಹಣಿ, ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಟಿಪ್ಪಣಿ (ಸರ್ವೆ ಅಳತೆಯ ದಾಖಲೆ) ಮತ್ತು ಗ್ರಾಮ ನಕಾಶೆಯ ಪ್ರತಿಗಳನ್ನು ತೆಗೆಸುವುದು. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರಿರುತ್ತದೆ, 10ರಲ್ಲಿ ಆ ಹಕ್ಕು ಬಂದ ಬಗೆ, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು. ಅಜ್ಜನ ಹೆಸರೇ ಇನ್ನೂ ಮುಂದುವರಿದಿದ್ದರೆ ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸದೆ ಮುಂದಿನ ಯಾವ ಅರ್ಜಿಯೂ ನಿಲ್ಲುವುದಿಲ್ಲ. ಪಾಲಾಗದ ಆಸ್ತಿಯಾಗಿದ್ದರೆ ಅಣ್ಣತಮ್ಮಂದಿರ, ಅಕ್ಕತಂಗಿಯರ ಲಿಖಿತ ಒಪ್ಪಿಗೆ ಬೇಕು. ಮನೆಯಲ್ಲಿ ದುಡ್ಡು ಹುಟ್ಟಲು ಶುರುವಾದ ಮೇಲೆ ಒಪ್ಪಿಗೆ ಕೇಳುವುದಕ್ಕಿಂತ ಮೊದಲೇ ವಿಭಾಗಪತ್ರ ನೋಂದಾಯಿಸಿಕೊಳ್ಳುವುದು ಸಂಬಂಧಕ್ಕೂ ಒಳ್ಳೆಯದು.

ಖರಾಬು ಎಂಬ ಪದದಲ್ಲಿ ಎರಡು ಬಗೆಯಿದೆ, ಇದನ್ನು ಗಮನವಿಟ್ಟು ನೋಡಬೇಕು. ಹಿಡುವಳಿದಾರನ ಕೃಷಿ ಕಟ್ಟಡ, ಕಣ ಮೊದಲಾದವು ಇರುವ, ಸಾಗುವಳಿಗೆ ಬಾರದ ಜಾಗ ‘ಎ’ ಖರಾಬು. ದಾರಿ, ಹಳ್ಳ, ಕೆರೆ, ಸ್ಮಶಾನದಂತೆ ಸಾರ್ವಜನಿಕ ಬಳಕೆಗೆ ಮೀಸಲಾದದ್ದು ‘ಬಿ’ ಖರಾಬು, ಅದು ಸರ್ಕಾರದ್ದು. ಅತಿಥಿಗಳ ಕಾರು ನಿಲ್ಲಿಸಲು ಮಟ್ಟಮಾಡಿದ ಜಾಗ, ಹಳ್ಳದ ದಂಡೆಯಲ್ಲಿ ಕಟ್ಟಿದ ಕಟ್ಟೆ, ಇವು ‘ಬಿ’ ಖರಾಬಿನಲ್ಲಿ ಬಿದ್ದಿರುವ ಸಾಧ್ಯತೆ ಹೆಚ್ಚು.

ಇನ್ನು ಸೊಪ್ಪಿನಬೆಟ್ಟ. ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲು ತೋಟದವರಿಗೆ ಬಿಟ್ಟುಕೊಟ್ಟಿರುವ ಈ ಬೆಟ್ಟವನ್ನು ನಾವು ‘ನಮ್ಮ ಬೆಟ್ಟ’ ಎಂದೇ ಕರೆಯುತ್ತೇವೆ, ಬೇಲಿ ಹಾಕುತ್ತೇವೆ, ಅಗಳು ತೋಡುತ್ತೇವೆ. ಆದರೆ 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೇ ಪ್ರಕರಣ ಕುಮ್ಕಿ, ಬಾಣೆ, ಕಾನು, ಬೆಟ್ಟ ಮೊದಲಾದ ಜಾಗಗಳ ವಿಷಯದಲ್ಲಿ ಮಾತಾಡುವುದು ಸವಲತ್ತಿನ ಬಗ್ಗೆ, ಒಡೆತನದ ಬಗ್ಗೆ ಅಲ್ಲ. ಸೊಪ್ಪು ಕಡಿಯುವ ಸವಲತ್ತು ಕೋಣೆ ಕಟ್ಟುವ ಹಕ್ಕಾಗುವುದಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ದನಗಳಿಲ್ಲದೆ ಹತ್ತು ವರ್ಷವಾಗಿತ್ತು. ಜಂಬಿಟ್ಟಿಗೆಯ ಗೋಡೆ ಗಟ್ಟಿಯಾಗಿತ್ತು. ಹೆಂಚು ಬದಲಿಸಿ, ನೆಲಕ್ಕೆ ಕೆಂಪು ಸಿಮೆಂಟು ಹಾಕಿಸಿ, ಎರಡು ಕೋಣೆ ಮಾಡಿದೆವು. ಆಮೇಲೆ ಭೂಪರಿವರ್ತನೆಗೆಂದು ಅಳತೆಗೆ ಅರ್ಜಿ ಹಾಕಿದೆವು. ಸರ್ವೆಯವರು ಬಂದ ದಿನ ಅಗಳಿನೊಳಗಿನ ಮುಳ್ಳುಕಂಟಿ ಸವರಿ, ಕೆಸುವಿನ ಬುಡದಲ್ಲಿ ಮಣ್ಣು ಕೆರೆದಾಗ ಹಾವಸೆ ಹಿಡಿದ ಬಾಂದುಕಲ್ಲು ಸಿಕ್ಕಿತು. ಅಲ್ಲಿಂದ ಮುಂದಿನ ಕಲ್ಲಿಗೆ ಗೆರೆ ಹಿಡಿದರೆ ಅದು ಹೊಸ ಕೋಣೆಯ ಮಧ್ಯದಲ್ಲೇ ಹಾದುಹೋಗುತ್ತಿತ್ತು. “ಭಟ್ರೆ, ಕೊಟ್ಟಿಗೆಯ ಮುಂಬದಿ ನಿಮ್ಮದು, ಹಿಂಬದಿ ಬೆಟ್ಟದ್ದು” ಎಂದು ಅವರು ಮೆಲ್ಲಗೆ ಹೇಳಿದರು. ಕೊಟ್ಟಿಗೆಯಾಗಿದ್ದಷ್ಟು ದಿನ ಯಾರೂ ಕೇಳದ ಗೆರೆ ಅದು; ಅದರೊಳಗೆ ಬಾಡಿಗೆಯ ಮಂಚ ಹಾಕಿದೊಡನೆ ಕೇಳುವ ಗೆರೆಯಾಯಿತು. ಎರಡೂ ಕೋಣೆಗಳನ್ನು ಬಿಟ್ಟುಕೊಟ್ಟೆವು. ಈಗ ಅದು ಅಡಿಕೆ ಒಟ್ಟುವ ಜಾಗ. ಅಳತೆ ಮೊದಲು, ಗಾರೆ ಆಮೇಲೆ ಎಂದು ನಾನು ಎಲ್ಲರಿಗೂ ಒತ್ತಿ ಹೇಳುವುದು ಈ ಅನುಭವದಿಂದ. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಮನೆಯಂಗಳದಲ್ಲಿ ನಿಂತು ಯಾವ ಸರ್ವೆ ನಂಬರಿನಲ್ಲಿದ್ದೇವೆಂದು ನೋಡಬಹುದು, ಆದರೆ ಅದು ಅಂದಾಜಿಗೆ ಮಾತ್ರ. ಮರದಡಿ ನಿಂತರೆ ಗುರುತು ಅತ್ತಿತ್ತ ಸರಿಯುತ್ತದೆ. ಗಡಿಯ ಮಾತಿಗೆ ಅಧಿಕೃತ ಅಳತೆಯೇ ಆಗಬೇಕು. ಮಳೆ ಹಿಡಿದ ಮೇಲೆ ಬೆಟ್ಟದಂಚಿನ ಅಳತೆ ನಡೆಯುವುದು ಕಷ್ಟವಾದ್ದರಿಂದ ದೀಪಾವಳಿ ಕಳೆದೊಡನೆ ಅರ್ಜಿ ಹಾಕುವುದು ಲೇಸು.

ಶರಾವತಿ ಯೋಜನೆಯ ಮುಳುಗಡೆಯಿಂದ ಎದ್ದುಬಂದ ಕುಟುಂಬಗಳ ಜಮೀನಿನಲ್ಲಿ ಇನ್ನಷ್ಟು ಎಚ್ಚರ ಬೇಕು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಆಗ ಪುನರ್ವಸತಿಗೆಂದು ಕೊಟ್ಟ ಎಷ್ಟೋ ಜಮೀನು ಇಂದಿಗೂ ಅರಣ್ಯ ಇಲಾಖೆಯ ದಾಖಲೆಯಲ್ಲಿ ಅರಣ್ಯವೆಂದೇ ಉಳಿದಿದೆ. ಎರಡು ತಲೆಮಾರು ಬಾಳಿದ ಮನೆಯಾದರೂ ಅಂಥ ನೆಲದಲ್ಲಿ ವ್ಯವಹಾರದ ಅನುಮತಿ ಕೇಳಿದರೆ ಹಳೆಯ ಗಾಯವೇ ಮತ್ತೆ ತೆರೆಯುತ್ತದೆ. ಈ ಕುಟುಂಬಗಳಿಗೆ ಆಗಿರುವ ಅನ್ಯಾಯದ ಬಗ್ಗೆ ನನಗೆ ಎರಡು ಮಾತಿಲ್ಲ; ಆದರೂ ಹಕ್ಕುಪತ್ರದ ಪ್ರಶ್ನೆ ಬಗೆಹರಿಯದೆ ಸಾಲ ಮಾಡಿ ಕೋಣೆ ಕಟ್ಟಬೇಡಿರೆಂದೇ ನನ್ನ ಸಲಹೆ. ಮಂಜೂರಾದ ಜಮೀನು ಯಾವುದೇ ಇರಲಿ, ಬಗರ್‌ಹುಕುಂ (ಅನುಮತಿಯಿಲ್ಲದ ಸಾಗುವಳಿ ಸಕ್ರಮವಾದದ್ದು) ಇರಲಿ, ಭೂಕಂದಾಯ ಅಧಿನಿಯಮದ 94ಸಿ ಪ್ರಕರಣದ ಅಡಿಯಲ್ಲಿ ಸಕ್ರಮವಾದ ಮನೆಯಿರಲಿ, ಮಂಜೂರಾತಿ ಆದೇಶದ ಷರತ್ತುಗಳನ್ನು ಕೊನೆಯ ಸಾಲಿನವರೆಗೆ ಓದಬೇಕು. ವಾಸಕ್ಕೆಂದು ಕೊಟ್ಟದ್ದನ್ನು ವ್ಯಾಪಾರಕ್ಕೆ ಬಳಸಿದರೆ ಮಂಜೂರಾತಿಯೇ ಅಲುಗಾಡಬಹುದು.

ಭೂಪರಿವರ್ತನೆ ಯಾವಾಗ, ಯಾವ ಉದ್ದೇಶಕ್ಕೆ

ಭೂಕಂದಾಯ ಅಧಿನಿಯಮದ 95ನೇ ಪ್ರಕರಣ ಕೃಷಿಕನಿಗೆ ತನ್ನ ಜಮೀನಿನಲ್ಲಿ ಕೃಷಿ ಕಟ್ಟಡ, ಬಾವಿ, ವಾಸದ ತೋಟದ ಮನೆ ಕಟ್ಟಿಕೊಳ್ಳಲು ಅವಕಾಶ ಕೊಡುತ್ತದೆ. ಅಂಥ ಕಟ್ಟಡ ಹಿಡುವಳಿಯ ಶೇಕಡಾ 10ನ್ನು ಮೀರುವಂತಿಲ್ಲ. ಇಲ್ಲಿಯವರೆಗೆ ಪರಿವರ್ತನೆಯ ಮಾತಿಲ್ಲ. ಆದರೆ ಅದೇ ಜಾಗವನ್ನು ಕೃಷಿಯೇತರ ಉದ್ದೇಶಕ್ಕೆ ತಿರುಗಿಸಬೇಕಾದರೆ ಜಿಲ್ಲಾಧಿಕಾರಿಯ ಅನುಮತಿ ಬೇಕು. ಪಡೆಯದೆ ತಿರುಗಿಸಿದರೆ 96ನೇ ಪ್ರಕರಣದ ಪ್ರಕಾರ ದಂಡ ಮತ್ತು ತೆರವಿಗೆ ಅವಕಾಶವಿದೆ. ತೋಟದ ಮನೆಯಲ್ಲಿ ಮನೆಯವರೇ ಇದ್ದು ಎರಡು ಕೋಣೆಯನ್ನು ಅತಿಥಿಗಳಿಗೆ ಕೊಟ್ಟರೆ ಅದು ಕೃಷಿಯೇತರ ಬಳಕೆಯೇ ಎಂಬುದರ ಬಗ್ಗೆ ಕಚೇರಿಯಿಂದ ಕಚೇರಿಗೆ ಬೇರೆ ಬೇರೆ ಉತ್ತರ ಸಿಗುವುದುಂಟು. ಬಾಯಿಮಾತಿನ ಉತ್ತರವನ್ನು ನಂಬಿ ಕೂರಬೇಡಿ. ತಹಶೀಲ್ದಾರರಿಗೆ ಅರ್ಜಿ ಬರೆದು, ಸ್ವೀಕೃತಿ ಪಡೆದು, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಮನೆ ಮತ್ತು ಅಂಗಳ ನಿಂತಿರುವಷ್ಟು, ಅಂದರೆ ಐದು ಹತ್ತು ಗುಂಟೆ ಜಾಗವನ್ನಾದರೂ ಪರಿವರ್ತಿಸಿಕೊಳ್ಳುವುದು ನೆಮ್ಮದಿಯ ದಾರಿ ಎಂಬುದು ನನ್ನ ಅಭಿಪ್ರಾಯ.

ಸರ್ವೆ ನಂಬರಿನ ಒಂದು ಭಾಗಕ್ಕಷ್ಟೇ ಪರಿವರ್ತನೆ ಬೇಕಾದಾಗ 11ಇ ನಕ್ಷೆ (ಆ ಭಾಗವನ್ನಷ್ಟೇ ಅಳೆದು ತೋರಿಸುವ ಸರ್ವೆ ನಕ್ಷೆ) ಮಾಡಿಸಬೇಕು. ಅರ್ಜಿಯನ್ನು ಅಫಿಡವಿಟ್ ಸಹಿತ ಆನ್‌ಲೈನಿನಲ್ಲಿ ಸಲ್ಲಿಸಬೇಕು. ಅರ್ಜಿಯಲ್ಲಿ ‘ಉದ್ದೇಶ’ ಎಂಬ ಕಾಲಂ ಒಂದಿದೆ, ಎಲ್ಲ ಜಗಳದ ಬೇರು ಅಲ್ಲೇ ಇರುತ್ತದೆ. ವಾಸದ ಉದ್ದೇಶಕ್ಕೆ ಶುಲ್ಕ ಕಡಿಮೆ ಎಂದು ಅದನ್ನೇ ಬರೆಸಿ, ಆಮೇಲೆ ಅಲ್ಲಿ ಲಾಡ್ಜ್ ನಡೆಸಿದರೆ ಆದೇಶದ ಷರತ್ತನ್ನೇ ಮುರಿದಂತಾಗುತ್ತದೆ. ಮನೆಯವರು ಇರುವ, ಕೆಲವೇ ಕೋಣೆಯ ಹೋಂಸ್ಟೇಗೆ ವಾಸದ ಪರಿವರ್ತನೆ ಹೊಂದುತ್ತದೆ. ಅದಕ್ಕಿಂತ ದೊಡ್ಡದಕ್ಕೆ ವಾಣಿಜ್ಯದ್ದನ್ನೇ ಕೇಳಬೇಕು. ಹಾಳೆಯ ಮೇಲೆ ಬರೆದುಕೊಂಡ ಹತ್ತು ಕೋಣೆಯ ಆಸೆ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಪರಿವರ್ತನೆಯಾದ ಮೇಲೆ, ಅಥವಾ ಮನೆ ಗ್ರಾಮಠಾಣಾದೊಳಗೇ ಇದ್ದರೆ ನೇರವಾಗಿ, ಗ್ರಾಮ ಪಂಚಾಯಿತಿಯ ಇ-ಸ್ವತ್ತು (ಆನ್‌ಲೈನ್ ಆಸ್ತಿ) ದಾಖಲೆ ನೋಡಬೇಕು. ನಮೂನೆ 9 ಮತ್ತು 11ಎ ಇದ್ದರೆ ಆಸ್ತಿಯ ಹುಟ್ಟು ಸರಿಯಾಗಿದೆ ಎಂದರ್ಥ. 11ಬಿ ಮಾತ್ರ ಇದ್ದರೆ ಪರಿವರ್ತನೆಯಲ್ಲೋ ನಕ್ಷೆ ಅನುಮೋದನೆಯಲ್ಲೋ ಏನೋ ಕೊರತೆ ಇದೆ; ತೆರಿಗೆ ಕಟ್ಟಿದ ರಸೀದಿ ಆ ಕೊರತೆಯನ್ನು ತುಂಬುವುದಿಲ್ಲ. ಹೊಸ ಕೋಣೆ ಕಟ್ಟಲು, ಇರುವುದನ್ನು ವಿಸ್ತರಿಸಲು 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಂತೆ ಪಂಚಾಯಿತಿಯ ಅನುಮತಿ ಬೇಕು. ಅತಿಥಿಗಳನ್ನು ಇರಿಸಿಕೊಳ್ಳುವ ವ್ಯವಹಾರದ ಪರವಾನಗಿ ಬೇರೆಯೇ. ಒಂದು ಸಿಕ್ಕಿತೆಂದು ಇನ್ನೊಂದು ಸಿಕ್ಕಿದಂತಲ್ಲ.

ಶಿವಮೊಗ್ಗ ನಗರ ಮತ್ತು ಪಟ್ಟಣಗಳಲ್ಲಿ

ಪಟ್ಟಣದ ಮನೆಗೆ ಪ್ರಶ್ನೆ ಬೇರೆ ರೂಪ ತಾಳುತ್ತದೆ. ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ, ಸುತ್ತಲಿನ ಹಲವು ಹಳ್ಳಿಗಳಲ್ಲಿ ಕೂಡ, ನೆಲದ ಬಳಕೆಯನ್ನು ನಿರ್ಧರಿಸುವುದು ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ನಾವು ಸೂಡಾ ಎನ್ನುವುದು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ ಅಡಿಯಲ್ಲಿ ತಯಾರಾಗುವ ಮಹಾಯೋಜನೆಯ ನಕ್ಷೆಯಲ್ಲಿ ಪ್ರತಿಯೊಂದು ಜಾಗಕ್ಕೂ ಒಂದು ಬಣ್ಣವಿದೆ: ವಾಸದ ವಲಯ ಹಳದಿ, ವಾಣಿಜ್ಯ ನೀಲಿ, ಹೀಗೆ. ನಿಮ್ಮ ಮನೆಯ ಮೇಲೆ ಯಾವ ಬಣ್ಣ ಬಿದ್ದಿದೆ ಎಂಬುದನ್ನು ಬೀದಿಯಲ್ಲಿ ನಿಂತು ಊಹಿಸಲಾಗುವುದಿಲ್ಲ. ಎದುರುಮನೆಯಲ್ಲಿ ಅಂಗಡಿ, ಪಕ್ಕದ ಮನೆಯಲ್ಲಿ ಕ್ಲಿನಿಕ್ ಇದ್ದರೂ ನಿಮ್ಮ ನಿವೇಶನ ಹಳದಿಯಲ್ಲೇ ಇರಬಹುದು. ಅವರ ಅಂಗಡಿಗೆ ಅನುಮತಿ ಇದೆಯೆಂಬ ಖಾತ್ರಿಯೂ ಇಲ್ಲ. ಪ್ರಾಧಿಕಾರಕ್ಕೆ ಸರ್ವೆ ನಂಬರ್ ಅಥವಾ ನಿವೇಶನ ಸಂಖ್ಯೆ ಕೊಟ್ಟು ವಲಯ ದೃಢೀಕರಣ ಪತ್ರ ಪಡೆಯಿರಿ.

ಆ ಪತ್ರ ಕೈಗೆ ಬಂದ ಮೇಲೆ ವಲಯ ನಿಯಮಾವಳಿಯನ್ನು ತೆರೆದು ನೋಡಬೇಕು. ಪ್ರತಿ ವಲಯಕ್ಕೂ ಎರಡು ಪಟ್ಟಿಗಳಿರುತ್ತವೆ. ಮೊದಲನೆಯದರಲ್ಲಿ ಇರುವ ಬಳಕೆಗಳಿಗೆ ಬಳಕೆಯ ಬಗ್ಗೆ ಬೇರೆ ಅನುಮತಿ ಬೇಡ. ಎರಡನೆಯದರಲ್ಲಿ ಇರುವುದನ್ನು ಪ್ರಾಧಿಕಾರ ವಿಶೇಷ ಸಂದರ್ಭವೆಂದು ಪರಿಗಣಿಸಿ, ರಸ್ತೆಯ ಅಗಲ, ನಿವೇಶನದ ಅಳತೆ, ಅಕ್ಕಪಕ್ಕದ ಸ್ಥಿತಿ ನೋಡಿ ಒಪ್ಪಬಹುದು ಅಥವಾ ನಿರಾಕರಿಸಬಹುದು. ವಸತಿಗೃಹದಂಥ ಬಳಕೆಯನ್ನು ವಾಸದ ವಲಯದಲ್ಲಿ ಹುಡುಕುವಾಗ ಈ ಎರಡನೆಯ ಪಟ್ಟಿಯನ್ನು ನೋಡುವುದನ್ನು ಮರೆಯಬಾರದು. ಎರಡೂ ಪಟ್ಟಿಯಲ್ಲಿ ಇಲ್ಲದಿದ್ದರೆ ಉಳಿಯುವುದು ಯೋಜನಾ ಅಧಿನಿಯಮದ 14ಎ ಪ್ರಕರಣದಡಿ ಭೂಬಳಕೆ ಬದಲಾವಣೆ: ಪತ್ರಿಕಾ ಪ್ರಕಟಣೆ, ಸಾರ್ವಜನಿಕರ ಆಕ್ಷೇಪಣೆ, ಸರ್ಕಾರದ ಒಪ್ಪಿಗೆ, ಶುಲ್ಕ. ಅದು ಉದ್ದದ ದಾರಿ. ಮೂರು ಕೋಣೆಯ ಆದಾಯಕ್ಕಾಗಿ ಆ ದಾರಿ ಹಿಡಿಯುವುದು ನನಗೆ ಸರಿಯೆನಿಸುವುದಿಲ್ಲ. ಮನೆಯವರೇ ಇದ್ದು ಹೋಂಸ್ಟೇ ಮಿತಿಯೊಳಗೆ ಉಳಿಯುವುದೇ ಮೇಲು.

ಪ್ರಾಧಿಕಾರವೇ ಹಂಚಿದ ನಿವೇಶನವಾದರೆ ಹಂಚಿಕೆ ಪತ್ರದ ಷರತ್ತು ವಲಯ ನಿಯಮಕ್ಕಿಂತ ಬಿಗಿಯಾಗಿರಬಹುದು. ಗೃಹಸಾಲ ಇದ್ದರೆ ಬ್ಯಾಂಕಿನ ಕರಾರನ್ನೂ ಓದಿ. ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ ಉದ್ದಿಮೆ ಪರವಾನಗಿ ಪಾಲಿಕೆಯಿಂದ. ಸಾಗರದಲ್ಲಿ ನಗರಸಭೆಯಿಂದ, ತೀರ್ಥಹಳ್ಳಿಯಲ್ಲಿ ಪಟ್ಟಣ ಪಂಚಾಯಿತಿಯಿಂದ. ಇಕ್ಕೇರಿಯ ಅಘೋರೇಶ್ವರ ದೇವಾಲಯದಂತೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಸ್ಮಾರಕದ ಹತ್ತಿರ ಮನೆಯಿದ್ದರೆ ಮತ್ತೊಂದು ಕಟ್ಟು: ಸಂರಕ್ಷಿತ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸ ಕಟ್ಟಡವಿಲ್ಲ. ದುರಸ್ತಿಗೂ ಅನುಮತಿ ಬೇಕು.

ಕಾಡಿನ ಅಂಚಿನ ಮನೆಗಳು

ಶೆಟ್ಟಿಹಳ್ಳಿ ವನ್ಯಜೀವಿಧಾಮ, ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ, ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಇವುಗಳ ನೆರೆಯ ಹಳ್ಳಿಯವರು 1986ರ ಪರಿಸರ ಸಂರಕ್ಷಣಾ ಅಧಿನಿಯಮದಡಿ ಹೊರಡುವ ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆಗಳನ್ನು ನೋಡಬೇಕು. ಈ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಒಕ್ಕಣೆ ಹೀಗಿದೆ: ಅಭಯಾರಣ್ಯದ ಗಡಿಯಿಂದ 1 ಕಿಲೋಮೀಟರ್ ಒಳಗೆ, ಅಥವಾ ಸೂಕ್ಷ್ಮ ವಲಯ ಅದಕ್ಕಿಂತ ಕಿರಿದಾಗಿದ್ದರೆ ಅದರ ಅಂಚಿನವರೆಗೆ, ಪರಿಸರ ಪ್ರವಾಸೋದ್ಯಮದ ಸಣ್ಣ ತಾತ್ಕಾಲಿಕ ರಚನೆಗಳನ್ನು ಬಿಟ್ಟರೆ ಹೊಸ ವಾಣಿಜ್ಯ ಹೋಟೆಲು, ರೆಸಾರ್ಟುಗಳಿಗೆ ಅವಕಾಶವಿಲ್ಲ. ಆದರೆ ಅದೇ ಅಧಿಸೂಚನೆಗಳು ಸ್ಥಳೀಯರ ಅಗತ್ಯಕ್ಕಾಗಿ ಕೃಷಿಭೂಮಿಯ ಪರಿವರ್ತನೆಯನ್ನು ಮೇಲ್ವಿಚಾರಣಾ ಸಮಿತಿಯ ಶಿಫಾರಸಿನ ಮೇಲೆ ಒಪ್ಪುವಾಗ, ಪರಿಸರ ಪ್ರವಾಸೋದ್ಯಮಕ್ಕೆ ಪೂರಕವಾದ ಸೌಕರ್ಯಗಳ ಸಾಲಿನಲ್ಲಿ ಹೋಂಸ್ಟೇ ಎಂಬ ಪದವನ್ನು ಹೆಸರಿಸಿಯೇ ಸೇರಿಸುತ್ತವೆ. ಊರಿನವರ ಮನೆಗೂ ಹೊರಗಿನವರ ರೆಸಾರ್ಟಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಕಾನೂನೇ ಗುರುತಿಸಿದೆ. ಅಧಿಸೂಚನೆಯ ಅನುಬಂಧದಲ್ಲಿ ಹಳ್ಳಿಗಳ ಪಟ್ಟಿ ಇರುತ್ತದೆ. ವನ್ಯಜೀವಿ ವಿಭಾಗದ ಕಚೇರಿಯಲ್ಲಿ ನಿಮ್ಮ ಹಳ್ಳಿಯ ಹೆಸರನ್ನು ಅದರಲ್ಲಿ ಹುಡುಕಿ.

ಪಶ್ಚಿಮಘಟ್ಟದ ಸಂರಕ್ಷಣೆಯ ಬಗೆಗಿನ ಕಸ್ತೂರಿರಂಗನ್ ವರದಿಯ ಹೆಸರು ಕೇಳಿದೊಡನೆ ಹಲವರು ಹೋಂಸ್ಟೇ ಯೋಚನೆಯನ್ನೇ ಬಿಡುತ್ತಾರೆ. ಆ ವರದಿಯ ನಂತರ 2014ರಿಂದ ಹೊರಬಿದ್ದಿರುವುದು ಕರಡು ಅಧಿಸೂಚನೆಗಳು; ಆರನೆಯ ಕರಡು ಬಂದದ್ದು 2024ರ ಜುಲೈನಲ್ಲಿ. ಅವು ನಿಷೇಧಿಸಲು ಹೊರಟಿರುವುದು 20,000 ಚದರ ಮೀಟರ್ ಮತ್ತು ಅದಕ್ಕೂ ಮೇಲಿನ ಕಟ್ಟಡ ಯೋಜನೆಗಳನ್ನು. ನಾಲ್ಕಂಕಣದ ಮನೆಗೆ ಆ ಅಳತೆ ತಾಗುವುದಿಲ್ಲ.

ದಾರಿ, ನೀರು, ಧರೆ

ಯಾವ ಅರ್ಜಿ ನಮೂನೆಯಲ್ಲೂ ಸರಿಯಾಗಿ ಕೇಳದ, ಆದರೆ ಮಲೆನಾಡಿನ ಹೋಂಸ್ಟೇಗಳನ್ನು ನಿಜವಾಗಿ ನಿಲ್ಲಿಸಿಬಿಡುವ ಸಂಗತಿಗಳು ಈ ಮೂರು.

ಇಲ್ಲಿ ಅನೇಕ ಮನೆಗಳಿಗೆ ಹೋಗುವ ದಾರಿ ಇನ್ನೊಬ್ಬರ ತೋಟದ ಬದಿಯಲ್ಲೋ ಗದ್ದೆಯ ಅಂಚಿನಲ್ಲೋ ಹಾದುಹೋಗುತ್ತದೆ. ತಲೆತಲಾಂತರದಿಂದ ನಡೆದು ಬಂದ ದಾರಿ, ಗಾಡಿಯ ದಾರಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ರೂಢಿಯಿಂದ ಬಂದ ಹಾದಿಯ ಹಕ್ಕಿನ ನಿಯಮವೇನೆಂದರೆ, ದಾರಿ ಕೊಟ್ಟವನ ಜಮೀನಿನ ಮೇಲಿನ ಹೊರೆಯನ್ನು ನಾವು ಹೆಚ್ಚಿಸುವಂತಿಲ್ಲ. ಮನೆಯವರು ಓಡಾಡುವ ದಾರಿಯಲ್ಲಿ ಶನಿವಾರ ರಾತ್ರಿ ಎಂಟು ಕಾರು ಓಡಾಡತೊಡಗಿದರೆ ಪಕ್ಕದ ತೋಟದವರು ಆಕ್ಷೇಪಿಸುವುದು ನ್ಯಾಯವೇ ಸರಿ. ಮೊದಲೇ ಅವರ ಮನೆಗೆ ಹೋಗಿ ಕೂತು ಮಾತಾಡಿ, ಒಪ್ಪಿದ್ದನ್ನು ಬರಹಕ್ಕಿಳಿಸಿ, ಸಾಧ್ಯವಾದರೆ ದಾರಿಯ ಹಕ್ಕನ್ನು ನೋಂದಾಯಿಸಿಕೊಳ್ಳಿ. ಗ್ರಾಮ ನಕಾಶೆಯಲ್ಲಿ ಆ ದಾರಿ ಇದೆಯೇ ಎಂಬುದನ್ನೂ ನೋಡಿ. ಇದ್ದರೆ ಅದು ಸಾರ್ವಜನಿಕ ದಾರಿ, ಮಾತು ಸುಲಭ.

ಅಬ್ಬಿ ನೀರಿನ ವಿಷಯವೂ ಹಾಗೆಯೇ. ಬೆಟ್ಟದ ಒರತೆಯಿಂದ ಪೈಪಿನಲ್ಲಿ ಇಳಿದುಬರುವ ನೀರು ಎರಡು ಮೂರು ಮನೆಗೆ ಹಂಚಿಕೆಯಾಗಿರುತ್ತದೆ. ಹನ್ನೆರಡು ಜನ ಅತಿಥಿಗಳ ಸ್ನಾನಕ್ಕೆ ಅದು ಏಪ್ರಿಲ್ ತಿಂಗಳಲ್ಲಿ ಸಾಲುವುದಿಲ್ಲ. ಬೇಸಿಗೆಯ ಅಳತೆ ನೋಡಿಯೇ ಕೋಣೆಗಳ ಸಂಖ್ಯೆ ನಿರ್ಧರಿಸಿ. ಶೌಚದ ಗುಂಡಿಯನ್ನು ಬಾವಿಯಿಂದ 50 ಅಡಿಗೆ ಕಡಿಮೆಯಿಲ್ಲದಂತೆ, ಬಾವಿಗಿಂತ ಇಳಿಜಾರಿನ ಕಡೆಗೆ ಮಾಡಿಸಿ. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆಷಾಢದಲ್ಲಿ ನೆಲವೇ ನೀರು ಕಕ್ಕುವಾಗ ಇಂಗುಗುಂಡಿ ಇಂಗಿಸುವುದಿಲ್ಲ ಎಂಬುದನ್ನು ನೆನಪಿಡಿ.

ಧರೆಯ, ಅಂದರೆ ಮನೆಯ ಹಿಂದಿನ ಕಡಿದಾದ ಮಣ್ಣಿನ ದಿಬ್ಬದ, ಬಗ್ಗೆ ನನಗೆ ಬಹಳ ಆತಂಕವಿದೆ. ಕಾರು ನಿಲ್ಲಿಸಲು, ಕಣಿವೆಯ ನೋಟ ಕಾಣಲೆಂದು ಮನೆಯ ಹಿಂದಿನ ಧರೆಯನ್ನು ಜೆಸಿಬಿ ತಂದು ನೆಟ್ಟಗೆ ಕಡಿಸುವುದು ಈಗ ರೂಢಿಯಾಗಿದೆ. ಮೊದಲ ಮಳೆಗಾಲದಲ್ಲಿ ಅದು ನಿಲ್ಲುತ್ತದೆ, ಎರಡನೆಯದರಲ್ಲಿ ಬಿರುಕು ಬಿಡುತ್ತದೆ, ಮೂರನೆಯದರಲ್ಲಿ ಕುಸಿಯುತ್ತದೆ. ಕೆಳಗೆ ಮಲಗಿರುವವರು ನಮ್ಮನ್ನು ನಂಬಿ ಬಂದವರು. ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ, ಮೇಲ್ಭಾಗದಲ್ಲಿ ನೀರು ತಿರುಗಿಸುವ ಬಸಿಗಾಲುವೆ ತೋಡಿಸಿ. ಅದಕ್ಕೆ ಜಾಗವಿಲ್ಲದಿದ್ದರೆ ಧರೆಯನ್ನು ಮುಟ್ಟದೆ ಕಾರುಗಳನ್ನು ರಸ್ತೆಯ ಬಳಿಯೇ ನಿಲ್ಲಿಸುವ ವ್ಯವಸ್ಥೆ ಮಾಡಿ.

ಅರ್ಜಿಗಳ ಕ್ರಮ

ನೆಲದ ಪ್ರಶ್ನೆ ಮುಗಿದ ಮೇಲೆ ಉಳಿದವು ಸರಸರನೆ ಸಾಗುತ್ತವೆ. ಮೊದಲು ಪಂಚಾಯಿತಿ ಅಥವಾ ನಗರಾಡಳಿತದ ನಿರಾಕ್ಷೇಪಣಾ ಪತ್ರ ಮತ್ತು ಪರವಾನಗಿ, ಆಮೇಲೆ ಪೊಲೀಸ್ ಠಾಣೆಯ ನಿರಾಕ್ಷೇಪಣೆ, ಇವೆರಡನ್ನೂ ಹಿಡಿದು ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಹೋಂಸ್ಟೇ ನೋಂದಣಿ. ಅಧಿಕಾರಿಗಳು ಸ್ಥಳ ಪರಿಶೀಲನೆಗೆ ಬರುವ ದಿನ ಮನೆಯವರು ಮನೆಯಲ್ಲಿರಬೇಕು, ಮನೆಯವರ ಕೋಣೆ ಮನೆಯವರ ಕೋಣೆಯಂತೆಯೇ ಇರಬೇಕು. ಊಟ ಕೊಡುವುದಾದರೆ 2006ರ ಆಹಾರ ಸುರಕ್ಷತಾ ಅಧಿನಿಯಮದಂತೆ ನೋಂದಣಿ ಬೇಕು. ಮದ್ಯವನ್ನು ಅಬಕಾರಿ ಪರವಾನಗಿಯಿಲ್ಲದೆ ಕೊಡುವಂತಿಲ್ಲ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಅತಿಥಿಗಳ ವಹಿಯನ್ನು ಗುರುತಿನ ಚೀಟಿಯ ಪ್ರತಿಯೊಡನೆ ಇಡಬೇಕು, ವಿದೇಶಿಯರು ಬಂದರೆ 24 ಗಂಟೆಯೊಳಗೆ ನಿಗದಿತ ನಮೂನೆಯಲ್ಲಿ ಅವರ ವಿವರ ಸಲ್ಲಿಸಬೇಕು.

ವಿದ್ಯುತ್ತಿನ ವಿಷಯದಲ್ಲಿ ಮೆಸ್ಕಾಂ ಉಪವಿಭಾಗಕ್ಕೆ ಒಂದು ಪತ್ರ ಬರೆದು, ಹೋಂಸ್ಟೇ ನೋಂದಣಿಯ ಪ್ರತಿ ಲಗತ್ತಿಸಿ, ನಿಮ್ಮ ಮೀಟರಿಗೆ ಯಾವ ದರ ಅನ್ವಯಿಸುತ್ತದೆಂದು ಲಿಖಿತವಾಗಿ ಕೇಳಿ. ಹಾಗೆ ಕೇಳದೆ ನಡೆಸಿದ ಪರಿಚಯದ ಮನೆಯೊಂದಕ್ಕೆ ತಪಾಸಣೆಯ ನಂತರ ಹಿಂದಿನ ತಿಂಗಳುಗಳ ವ್ಯತ್ಯಾಸದ ಹಣವೆಂದು ದೊಡ್ಡ ಬಿಲ್ಲು ಬಂತು. ಆಸ್ತಿ ತೆರಿಗೆಯ ಬಗ್ಗೆಯೂ ಇಂಥದೇ ಒಂದು ಪತ್ರವನ್ನು ಪಂಚಾಯಿತಿಗೆ ಕೊಡಿ.

ಪ್ರತಿ ಅರ್ಜಿಯ ಸ್ವೀಕೃತಿ, ಪ್ರತಿ ಆದೇಶದ ದೃಢೀಕೃತ ಪ್ರತಿ, ಅಳತೆಯ ನಕ್ಷೆ, ನೆರೆಯವರೊಡನೆ ಮಾಡಿಕೊಂಡ ಒಪ್ಪಂದ, ಇವೆಲ್ಲವನ್ನೂ ಒಂದೇ ಕಡತದಲ್ಲಿ ದಿನಾಂಕದ ಕ್ರಮದಲ್ಲಿ ಇಡಿ. ನಮ್ಮ ಮನೆಯಲ್ಲಿ ಆ ಕಡತ ಅಟ್ಟದ ಮೇಲೆ ತಗಡಿನ ಪೆಟ್ಟಿಗೆಯಲ್ಲಿದೆ, ಏಕೆಂದರೆ ಮಳೆಗಾಲದ ಥಂಡಿಗೆ ಕಪಾಟಿನ ಕಾಗದ ಬೂಸು ಹಿಡಿಯುತ್ತದೆ. ಪರವಾನಗಿ ನವೀಕರಣದ ತಾರೀಖುಗಳನ್ನು ಪೆಟ್ಟಿಗೆಯ ಮುಚ್ಚಳದ ಒಳಬದಿಗೇ ಅಂಟಿಸಿದ್ದೇವೆ.